ನೂರಾ ಹತ್ತು ಕಿಲೋ

ಜುಲೈ 3, ಸೋಮವಾರ. ಬೆಳಿಗ್ಗೆ 8.40

ಬ್ಯಾಸ್ಕೆಟ್‌ಬಾಲ್ ತಂಡದ ತೂಕ ಮುಗಿಯಿತು. ಹನ್ನೆರಡು ಜನ, ಹನ್ನೆರಡು ಅಂಕಿ. ರಜೆಯಲ್ಲಿ ಒಬ್ಬನೂ ಬಾಯಿ ಕಟ್ಟಿಲ್ಲ. ಎಲ್ಲರೂ ನಾಲ್ಕು ನಾಲ್ಕು ಕಿಲೋ ಏರಿಸಿಕೊಂಡು ಬಂದಿದ್ದಾರೆ. ಕಡ್ಡಿ ಕೂಡ — ಎಷ್ಟು ತುರುಕಿದರೂ ಮೈ ಹಿಡಿಯದ ಹುಡುಗ. ನಗು ಬಂತು.

ತೂಕದ ಯಂತ್ರ ಹಳೇ ಹಾಲ್‌ನಿಂದ ಹೊಸ ಕೋಣೆಗೆ ಬರುವಾಗ ಪೆಟ್ಟು ತಿಂದಿತ್ತು. ಒಂದೊಂದು ಸಲಕ್ಕೆ ಒಂದೊಂದು ಅಂಕಿ. ಸರಿಮಾಡುವವನು ಎರಡು ವಾರ ಬಿಟ್ಟು ಬರುತ್ತಾನಂತೆ. ಅಲ್ಲಿಯವರೆಗೆ ಕೈ ಕಟ್ಟಿ ಕೂರುವುದೇ? ನಿನ್ನೆ ಪುಸ್ತಿಕೆ ಓದಿ ನಾನೇ ಸರಿಮಾಡಿದೆ. ಬಟನ್ ಒತ್ತಿ ಹಿಡಿ, ನೂರು ಕಿಲೋ ಇಡು, ಬೀಪ್ ಬರುವವರೆಗೆ ಕಾಯಿ. ಜಿಮ್‌ನ ರಬ್ಬರ್ ಪ್ಲೇಟ್ ಐದು ಜೋಡಿಸಿದೆ. ಒಂದೊಂದರ ಮೇಲೂ 20 ಎಂದಿದೆ. ಹತ್ತು ನಿಮಿಷದ ಕೆಲಸ. ಆ ಮನುಷ್ಯನಿಗೆ ಫೋನ್ ಮಾಡಿ ಬರುವುದು ಬೇಡ ಎಂದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನಮ್ಮ ಸೆಂಟರ್ ಗುಡ್ಡ — 122.9. ಮೇ ಕೊನೆಗೆ 118 ಇದ್ದ. ನಿಂತಲ್ಲಿಂದ ಹಾರಿದ್ದು 46 ಸೆಂಟಿಮೀಟರ್.

ಹೊಸ ಕೋಚ್ ಎಲ್ಲರ ಮುಂದೆಯೇ ಹೇಳಿದರು. "ಬುಟ್ಟಿ ಕೆಳಗೆ ಕಂಬದ ಥರ ನಿಲ್ಲೋ ಸೆಂಟರ್ ಕಾಲ ಮುಗೀತು. ನಂಗೆ ಓಡೋನು ಬೇಕು. ಸೆಪ್ಟೆಂಬರ್ ಒಂಬತ್ತು ಮೊದಲ ಮ್ಯಾಚು. ಅಷ್ಟರಲ್ಲಿ ನೂರಾ ಹತ್ತು. ಒಂದು ಗ್ರಾಂ ಜಾಸ್ತಿ ಇದ್ರೂ ಕಡ್ಡಿ ಆಡ್ತಾನೆ, ಇವನು ಮನೆಗೆ."

ಗುಡ್ಡನಿಗೆ ಮೂವತ್ತಮೂರು. ಕಾಂಟ್ರಾಕ್ಟಿನ ಕೊನೇ ವರ್ಷ. ಮನೆಗೆ ಎಂದರೆ ಮನೆಗೇ. ಆದರೂ ನಕ್ಕ. "ನಮ್ಮ ಭಾವನೇ ತಕ್ಕಡಿ ಹಿಡ್ಕೊಂಡಿರೋವಾಗ ನಂಗೇನ್ ಭಯ ಕೋಚ್?"

ಇವತ್ತಿನಿಂದ ಊಟ ನಮ್ಮ ಮನೆಯಲ್ಲಿ. ಅಳೆದು ಹಾಕುವುದು ಅವನಕ್ಕ, ನನ್ನ ಹೆಂಡತಿ. ಅಳತೆ ಬರೆದುಕೊಡುವುದು ನಾನು, ತಂಡದ ಟ್ರೈನರ್.

ಜುಲೈ 17, ಸೋಮವಾರ

119.4. ಹಾರಿದ್ದು 49. ಲೆಕ್ಕದಂತೆ.

ಹಾರಿ ಇಳಿಯುವಾಗ ಮೈತೂಕದ ಎಷ್ಟೋ ಪಟ್ಟು ಮೊಣಕಾಲಿಗೆ ಬೀಳುತ್ತದೆ. ಒಂದು ಮ್ಯಾಚಿನಲ್ಲಿ ಅರವತ್ತು ಎಪ್ಪತ್ತು ಸಲ. ಮೂರು ಕಿಲೋ ಇಳಿದರೆ ಮೊಣಕಾಲಿಗೆ ಎಷ್ಟು ಉಳಿತಾಯ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. "ಮೊಣಕಾಲಿಗೆ ಖುಷಿ ಭಾವ. ಹೊಟ್ಟೆ ಮಾತ್ರ ನಿಮ್ಮ ಹೆಸರು ಹಿಡಿದು ಬೈತಿದೆ" ಎಂದ.

ಆಗಸ್ಟ್ 7, ಸೋಮವಾರ

115.3. ಹಾರಿದ್ದು 54! ನಾಲ್ಕು ವರ್ಷದಲ್ಲಿ ಇಷ್ಟು ಹಾರಿರಲಿಲ್ಲ. ಕೋಚ್ ನನ್ನ ಹೆಗಲ ಮೇಲೆ ಕೈ ಹಾಕಿ "ಭೇಷ್ ರೀ ತಕ್ಕಡಿ" ಎಂದರು. ಹುಡುಗರು ಹಿಂದಿನಿಂದ ಕರೆಯುತ್ತಿದ್ದ ಹೆಸರು ಈಗ ಕೋಚ್ ಬಾಯಿಗೂ ಬಂದಿದೆ. ಬೇಜಾರಾಗಲಿಲ್ಲ, ಸುಳ್ಳು ಯಾಕೆ.

ಆಗಸ್ಟ್ 14, ಸೋಮವಾರ

114.6. 54. ಇನ್ನು ನಾಲ್ಕೂವರೆ ಕಿಲೋ. ಚೆನ್ನಾಗಿ ಓಡುತ್ತಿದ್ದಾನೆ. ಬುಟ್ಟಿಯ ಕೆಳಗೆ ಕಡ್ಡಿಯನ್ನು ಬೆನ್ನಿನಲ್ಲೇ ತಳ್ಳಿ ಗೆರೆಯಾಚೆ ಹಾಕಿದ. ಈ ಮೈ ಸಾಕು ಎನಿಸಿತು ಒಂದು ಗಳಿಗೆ. ಆದರೆ ಅಂಕಿ ಸಾಕು ಎನ್ನುತ್ತಿಲ್ಲವಲ್ಲ.

ಆಗಸ್ಟ್ 21, ಸೋಮವಾರ

114.2. ಒಂದು ವಾರಕ್ಕೆ ಬರೀ ನಾನೂರು ಗ್ರಾಂ! ಹಾರಿದ್ದು 51.

ಕದ್ದು ತಿನ್ನುತ್ತಿದ್ದಾನೆ. ಬೇರೆ ಏನೂ ಇರಲಾರದು.

ಕೇಳಿದೆ. "ಅಕ್ಕನ ಆಣೆ ಭಾವ, ತಿಂದಿಲ್ಲ" ಎಂದ. ಹೇಳುವಾಗ ಕೆಳಗೆ ನೋಡಿದ. ಅಲ್ಲೇ ನನಗೆ ಖಾತ್ರಿಯಾಯಿತು.

ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದೆ. ತಮ್ಮ ಎಂದು ಕರುಳು ಕಿವುಚಿ ನನಗೆ ಗೊತ್ತಿಲ್ಲದೆ ಊಟ ಹಾಕುತ್ತಿದ್ದೀಯಾ ಎಂದೆ. ತಟ್ಟೆ ಒರೆಸುತ್ತಿದ್ದವಳು ನಿಲ್ಲಿಸಿದಳು. "ನಿಮ್ಮ ತೂಕದ ಪುಸ್ತಕ ಬಿಟ್ಟು ಒಂದಿನನಾದ್ರೂ ಅವನ ಮುಖ ನೋಡಿದೀರಾ? ಕಣ್ಣು ಒಳಗೆ ಹೋಗಿದೆ ಕಣ್ರೀ. ಮೆಟ್ಟಿಲು ಹತ್ತೋವಾಗ ಗೋಡೆ ಹಿಡ್ಕೋತಾನೆ."

ಮೆಷಿನ್ ಸುಳ್ಳು ಹೇಳುತ್ತದಾ ಎಂದೆ.

ರಾತ್ರಿ ಊಟಕ್ಕೆ ಅವಳು ಕೂರಲಿಲ್ಲ.

ಆಗಸ್ಟ್ 24, ಗುರುವಾರ

ಊಟ ಇನ್ನೂ ಕಾಲು ಭಾಗ ಕಡಿಮೆ ಮಾಡಿದೆ. ಬೆಳಿಗ್ಗೆ ಪ್ರಾಕ್ಟೀಸಿಗೆ ಮುಂಚೆ ನಲವತ್ತು ನಿಮಿಷ ಓಟ, ಮೇಲೊಂದು ಬೆವರಿಳಿಸುವ ಪ್ಲಾಸ್ಟಿಕ್ ಜಾಕೆಟ್. ಹನ್ನೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಇದನ್ನು ಮಾಡಿಸಬೇಡಿ ಎಂದು ಬೇರೆಯವರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಹದಿನಾರು ದಿನ ಉಳಿದಿದೆ. ಏನು ಮಾಡಲಿ?

ಆಗಸ್ಟ್ 30, ಬುಧವಾರ

ಪ್ರಾಕ್ಟೀಸಿನಲ್ಲಿ ಕಡ್ಡಿ ಅವನನ್ನು ತಳ್ಳಿದ. ಬೇಕೆಂದಲ್ಲ, ಸುಮ್ಮನೆ ಹೆಗಲು ತಾಗಿಸಿದ. ಗುಡ್ಡ ಎರಡು ಹೆಜ್ಜೆ ಹಿಂದೆ ಹೋಗಿ ಕೂತುಬಿಟ್ಟ, ಖಾಲಿ ಟ್ರಂಕಿನ ಹಾಗೆ. ಕಡ್ಡಿಯೇ ಗಾಬರಿಯಾಗಿ "ಅಣ್ಣಾ, ಏಳಣ್ಣಾ" ಎಂದು ಕೈ ಕೊಟ್ಟ.

ಇಷ್ಟು ವರ್ಷ ಆ ಭಾರವೇ ಅವನ ಬಂಡವಾಳ. ಗೊತ್ತು ನನಗೆ. ಭಾರ ಇಳಿದರೆ ಹಾರಬಹುದು, ಆದರೆ ಎದುರಿನವನು ಮೈಮೇಲೆ ಬಿದ್ದಾಗ ನಿಲ್ಲಲು ಭಾರವೂ ಬೇಕು. ಅದಕ್ಕೇ 110 ಎಂಬ ಅಂಕಿಗೆ ನಾನೂ ಒಪ್ಪಿದ್ದು. ಅದಕ್ಕಿಂತ ಕೆಳಗೆ ಇವನು ಆಟಗಾರನೇ ಅಲ್ಲ. ಆದರೆ ಇನ್ನೂ 112ರಲ್ಲಿದ್ದಾನಲ್ಲ. ಈಗಲೇ ಯಾಕೆ ಹೀಗೆ?

ಸೆಪ್ಟೆಂಬರ್ 4, ಸೋಮವಾರ

111.3. ಹಾರಿದ್ದು 44.

ಜುಲೈನಲ್ಲಿ ಹನ್ನೊಂದು ಕಿಲೋ ಹೆಚ್ಚಿದ್ದಾಗ ಹಾರಿದ್ದಕ್ಕಿಂತ ಕಡಿಮೆ. ಪುಸ್ತಕದಲ್ಲಿ ಕಾರಣದ ಜಾಗದಲ್ಲಿ "ಮನಸ್ಸಿಲ್ಲ" ಎಂದು ಬರೆದೆ.

ಸೆಪ್ಟೆಂಬರ್ 8, ಶುಕ್ರವಾರ

109.9. ಮುಟ್ಟಿದ.

ನಿನ್ನೆ ಮಧ್ಯಾಹ್ನದಿಂದ ನೀರೂ ಕುಡಿದಿರಲಿಲ್ಲ. ತುಟಿ ಬಿರಿದಿತ್ತು. ಅಂಕಿ ನೋಡಿ ಯಂತ್ರದಿಂದ ಇಳಿದವನು ನನ್ನನ್ನು ತಬ್ಬಿಕೊಂಡ. ಮೂಳೆ ಕೈಗೆ ಸಿಕ್ಕಿತು. ಕೋಚ್ ಸಹಿ ಹಾಕಿದರು. ನಾನೂ ಹಾಕಿದೆ.

ಸೆಪ್ಟೆಂಬರ್ 12, ಮಂಗಳವಾರ

ಬರೆಯಲು ಕೈ ಬರಲಿಲ್ಲ ಇಷ್ಟು ದಿನ.

ಶನಿವಾರ. ಮೂರನೇ ಕ್ವಾರ್ಟರ್. ಅಷ್ಟರಲ್ಲೇ ಎದುರಿನ ಸೆಂಟರ್ ಇವನನ್ನು ನಾಲ್ಕು ಸಲ ಬುಟ್ಟಿಯ ಕೆಳಗಿನಿಂದ ಸಲೀಸಾಗಿ ತಳ್ಳಿಹಾಕಿದ್ದ. ಐದನೇ ಸಲ ಗುಡ್ಡ ಚೆಂಡಿಗೆ ಹಾರಲು ಕಾಲೂರಿದ. ಯಾರೂ ಮುಟ್ಟಲಿಲ್ಲ. ಬೆಲ್ಟ್ ಹರಿದಂಥ ಸದ್ದು, ಬೆಂಚಿನವರೆಗೂ ಕೇಳಿತು. ತಿರುಗಿ ನೋಡಿದ — ಯಾರೋ ಹಿಂದಿನಿಂದ ಒದ್ದರು ಎಂದುಕೊಂಡನಂತೆ. ಹಿಂದೆ ಯಾರೂ ಇರಲಿಲ್ಲ.

ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು. ಪೂರ್ತಿ ಹರಿದಿದೆ. ಈ ವಯಸ್ಸಿಗೆ ಮತ್ತೆ ಆಟ ಇಲ್ಲ ಎಂದು ಡಾಕ್ಟರ್ ಬಾಯಿಬಿಟ್ಟು ಹೇಳಲಿಲ್ಲ. "ಇದೇ ಕಾರಣ ಅಂತ ಯಾರೂ ಹೇಳೋಕಾಗಲ್ಲ. ಆದ್ರೆ ಎರಡು ತಿಂಗಳಲ್ಲಿ ಇಷ್ಟು ಇಳಿಸಿದ್ದು ಯಾಕೆ? ಮೈಯಲ್ಲಿ ಏನೂ ಉಳಿದಿಲ್ವಲ್ರೀ" ಎಂದರು.

ಅವತ್ತೇ ಆಸ್ಪತ್ರೆಯಲ್ಲಿ ನರ್ಸ್ ಬರೆದ ಹಾಳೆ ನೋಡಿದೆ. ತೂಕ — 105.4.

ನಿಮ್ಮ ಮೆಷಿನ್ ತಪ್ಪು ತೋರಿಸುತ್ತಿದೆ ಎಂದೆ. ನಿನ್ನೆ ತಾನೇ ನಾನು ತೂಗಿದ್ದೇನೆ, 109.9. ಆಕೆ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಇದರ ಮೇಲೆ ಔಷಧಿ ಲೆಕ್ಕ ಹಾಕ್ತೀವಿ ಸರ್ ನಾವು. ತಿಂಗಳಿಗೊಮ್ಮೆ ಬಂದು ಚೆಕ್ ಮಾಡ್ತಾರೆ. ನಿಮ್ಮದನ್ನ ಯಾರು ಮಾಡ್ತಾರೆ?"

ಮೂರು ದಿನದಿಂದ ಈ ಒಂದು ಮಾತು ತಲೆಯಲ್ಲಿ ಸುತ್ತುತ್ತಿದೆ.

ಸೆಪ್ಟೆಂಬರ್ 13, ಬುಧವಾರ. ಮಧ್ಯಾಹ್ನ 3

ಐದೂ ಪ್ಲೇಟ್ ಕಾರಿಗೆ ಹಾಕಿಕೊಂಡು ಎದುರು ರಸ್ತೆಯ ಪಾರ್ಸೆಲ್ ಆಫೀಸಿಗೆ ಹೋದೆ. ಕೌಂಟರಿನವನು ಒಂದೊಂದಾಗಿ ಇಟ್ಟ. 19.2. 19.1. 19.3. 19.2. 19.2.

"ಎಲ್ಲಿಗೆ ಕಳಿಸಬೇಕು ಸರ್?"

ಎಲ್ಲಿಗೂ ಇಲ್ಲ.

ಅವನು ಪ್ಲೇಟಿನ ಅಂಚು ಸವರಿದ. "ಇಪ್ಪತ್ತು ಅಂತ ಬರ್ದಿದೆ, ಆದ್ರೆ ಪೂರ್ತಿ ಸವೆದೋಗಿದೆ ನೋಡಿ. ಇಲ್ಲಿ ರಬ್ಬರೇ ಕಿತ್ತೋಗಿದೆ."

ಎಷ್ಟು ವರ್ಷ ನೆಲಕ್ಕೆ ಎತ್ತಿ ಎಸೆದಿದ್ದೇವೆ ಅವನ್ನು. ನನ್ನ ಕಣ್ಣೆದುರೇ ಸವೆದದ್ದು.

ತೊಂಬತ್ತಾರು. ತೊಂಬತ್ತಾರಕ್ಕೆ ನೂರು ಎಂದು ಹೇಳಿಕೊಟ್ಟೆ ಆ ಯಂತ್ರಕ್ಕೆ. ಅದು ನಾನು ಕಲಿಸಿದ್ದನ್ನೇ ಹೇಳುತ್ತ ಬಂತು. ರಜೆಯಲ್ಲಿ ಯಾರೂ ದಪ್ಪಗಾಗಿರಲಿಲ್ಲ. ಕಡ್ಡಿ ಕೂಡ. ಹನ್ನೆರಡೂ ಜನ ಒಟ್ಟಿಗೆ ಏರಿದರೆ ತಪ್ಪು ಯಂತ್ರದ್ದು ಎಂದು ಶಾಲೆಯ ಮಗುವಿಗೂ ಹೊಳೆಯುತ್ತದೆ. ನಾನು ನಕ್ಕೆ.

ಕಾರಿನಲ್ಲೇ ಕೂತು ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಆಗಸ್ಟ್ 14. 114.6 ಎಂದು ಬರೆದದ್ದು — ನಿಜಕ್ಕೆ 110.0. ಸರಿಯಾಗಿ ನೂರಾ ಹತ್ತು. ಅವತ್ತೇ ಮುಟ್ಟಿದ್ದ. 54 ಹಾರುತ್ತಿದ್ದ, ಕಡ್ಡಿಯನ್ನು ಬೆನ್ನಿನಲ್ಲೇ ತಳ್ಳುತ್ತಿದ್ದ. ಅಲ್ಲಿಂದ ಮುಂದೆ ಇಳಿಸಿದ್ದೆಲ್ಲ ಅವನ ಕೊಬ್ಬಲ್ಲ. ಅವನೇ.

ಪಾಪಿ ನಾನು. ಇದಕ್ಕೆ ಬೇರೆ ಪದ ಗೊತ್ತಿಲ್ಲ.

ಸೆಪ್ಟೆಂಬರ್ 15, ಶುಕ್ರವಾರ

ಹೇಳಿಬಿಡಬೇಕೆಂದೇ ಆಸ್ಪತ್ರೆಗೆ ಹೋದೆ. ಅವನೇ ಮೊದಲು ಬಾಯಿ ತೆಗೆದ.

"ಭಾವ, ಒಂದು ಮಾತು ಹೇಳ್ಬೇಕಿತ್ತು ನಿಮಗೆ. ಆಗಸ್ಟಲ್ಲಿ ಒಂದಿನ ಕದ್ದು ತಿಂದೆ. ಎರಡು ಬಾಳೆಹಣ್ಣು, ಬಸ್‌ಸ್ಟಾಪ್ ಹತ್ರ. ತಲೆ ಸುತ್ತು ಬಂದಿತ್ತು. ಅಕ್ಕನ ಆಣೆ ಹಾಕಿ ಸುಳ್ಳು ಹೇಳ್ಬಿಟ್ಟೆ. ಅದಕ್ಕೇ ಇಳೀಲಿಲ್ಲ ಅನ್ಸುತ್ತೆ. ನಿಮ್ಮ ಶ್ರಮ ಎಲ್ಲಾ ಹಾಳು ಮಾಡ್ದೆ. ತಪ್ಪಾಯ್ತು ಭಾವ."

ಅಷ್ಟು ದೊಡ್ಡ ದೇಹ ಹಾಸಿಗೆಯಲ್ಲಿ. ಕೈ ಮುಗಿಯುತ್ತಿದೆ. ನನಗೆ.

"ಇರಲಿ ಬಿಡು" ಎಂದೆ. ದೇವರೇ, "ಇರಲಿ ಬಿಡು" ಎಂದೆ.

ಸೆಪ್ಟೆಂಬರ್ 18, ಸೋಮವಾರ. ಬೆಳಿಗ್ಗೆ 6.30

ಸಾಲಾಗಿ ನಿಂತಿದ್ದರು. ಮೆಷಿನ್ ಕೆಟ್ಟಿದೆ, ಇವತ್ತು ತೂಕ ಇಲ್ಲ ಎಂದೆ. "ಯಾವಾಗಿಂದ ಕೆಟ್ಟಿದೆ?" — ಕೋಚ್. ನೋಡಬೇಕು ಎಂದೆ. ಕಡ್ಡಿಗೆ ಹೊಸ ಗುರಿ ಕೊಟ್ಟಿದ್ದಾರಂತೆ. ಎಂಟು ಕಿಲೋ ಏರಿಸಬೇಕು. ಬುಟ್ಟಿಯ ಕೆಳಗೆ ಭಾರ ಸಾಲುತ್ತಿಲ್ಲವಂತೆ.

ಅದೇ ದಿನ. ಮಧ್ಯಾಹ್ನ 12.50

ಹೆಂಡತಿ ಅಡುಗೆಮನೆಯಲ್ಲಿ ಬುತ್ತಿ ಕಟ್ಟುತ್ತಿದ್ದಾಳೆ. ಒಂದೂವರೆಗೆ ಆಸ್ಪತ್ರೆ. ಆಗಸ್ಟ್ ಇಪ್ಪತ್ತೊಂದರ ನಂತರ ಅವಳು ತಾನಾಗಿ ನನ್ನ ಜೊತೆ ಮಾತಾಡಿಲ್ಲ. ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದೇನೆ. ಒಂದೊಂದು ಅಂಕಿಯ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ ನಿಜವಾದದ್ದು ಬರೆದಿದ್ದೇನೆ. ಮೊದಲು ಅವಳಿಗೆ ತೋರಿಸುತ್ತೇನೆ. ಆಮೇಲೆ ಅವನಿಗೆ. ಆಮೇಲೆ ಕೋಚಿಗೆ.

ಬಾಗಿಲಿಗೆ ಬಂದಳು. ಕೈಯಲ್ಲಿ ಬಾಳೆಹಣ್ಣು. ಇಷ್ಟು ದಿನಕ್ಕೆ ಮೊದಲ ಮಾತು —

"ರೀ, ಅವನಿಗೆ ಎರಡು ಕೊಡಬಹುದಾ? ಇಲ್ಲಾ ಒಂದೇನಾ?"

ಅಳತೆ ಕೇಳುತ್ತಿದ್ದಾಳೆ. ಇವತ್ತಿಗೂ ನನ್ನ ಅಳತೆಯನ್ನೇ. ನಾನು ಬರೆಯುವುದು ನಿಲ್ಲಲಿ ಎಂದು ಬಾಗಿಲಲ್ಲೇ ಕಾಯುತ್ತಿದ್ದಾಳೆ. ಈಗ ತಲೆ ಎತ್ತಬೇಕು. ಕೂತುಕೋ ಎನ್ನಬೇಕು. ಆಗಸ್ಟ್ ಹದಿನಾಲ್ಕರ ಪುಟ ತೆಗೆದು ಅವಳ ಮುಂದಿಡಬೇಕು. ಪೆನ್ನು ಕೆಳಗಿಡುತ್ತಿದ್ದೇನೆ.