ಗೌರಿ ಹೂವಿಗೆ ಮರಣದಂಡನೆ ಏಕೆ?

ಮಾನ್ಯ ಹಸಿರೀಕರಣ ಅಧಿಕಾರಿಗಳೇ,

ಬರುವ ಸೋಮವಾರ ತೆಲಂಗಾಣದ ಕಲ್ಹೇರ್ ಬಳಿಯ ನಮ್ಮೂರ ಗುಡ್ಡದ ಮೇಲೆ ಕಳೆನಾಶಕ ಹೊಡೆಸಿ, ಗೌರಿ ಹೂವಿನ ಬಳ್ಳಿಗಳನ್ನು ನಿರ್ನಾಮ ಮಾಡಲು ತಾವು ಆದೇಶಿಸಿದ್ದೀರಿ. ಕಾರಣ: ‘ವಿಷಕಾರಿ ಸಸ್ಯ’. ತೆಲುಗಿನಲ್ಲಿ ಎರಡು ಅರ್ಜಿ ಕೊಟ್ಟೆ. ಮೊಹರು ಬಿತ್ತು, ಉತ್ತರ ಬರಲಿಲ್ಲ. ಮನೆಮಾತಾದ ಕನ್ನಡದಲ್ಲಾದರೂ ಜಗಳ ತೆಗೆಯೋಣವೆಂದು ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ಹೌದು, ಅದು ವಿಷವೇ. ಅದರ ಗೆಡ್ಡೆ ತಿಂದ ಕುರಿ ಉಳಿಯುವುದಿಲ್ಲ. ಇದನ್ನು ಕಂಡುಹಿಡಿಯಲು ತಜ್ಞರ ಸಮಿತಿ ಬೇಕಾಯಿತೇ? ಬಂಡೆಗಳ ಸಂದಿನಲ್ಲಿ ಮೊದಲ ಕೆಂಪು-ಹಳದಿ ಹೂ ಕಂಡ ದಿನ ನನ್ನವ್ವ ಅಮೃತಬಾಯಿ ಗುಡ್ಡದ ದಾರಿಯ ಜಾಲಿಗಿಡಕ್ಕೆ ಕಂಬಳಿಯ ತುಂಡೊಂದನ್ನು ಕಟ್ಟುತ್ತಾಳೆ. ಅದು ಇರುವವರೆಗೆ ಯಾರ ಕುರಿಯೂ ಮೇಲೆ ಹತ್ತುವುದಿಲ್ಲ. ಬಳ್ಳಿ ಒಣಗಿದ ಮೇಲೆ ಅದನ್ನು ಬಿಚ್ಚಿಸುವವಳೂ ಅವಳೇ. ಅಷ್ಟರಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿರುತ್ತದೆ. ಬೇಸಿಗೆಯಲ್ಲಿ ಊರ ಕುರಿಗಳಿಗೆ ಆ ಹುಲ್ಲೇ ಆಧಾರ. ಹೂವೇ ಇಲ್ಲವಾದರೆ ಮಳೆಗಾಲದಲ್ಲಿ ಗುಡ್ಡಕ್ಕೆ ಬಿಡುವು ಕೊಡಿಸುವವರು ಯಾರು, ತಾವೇ?

ಆಗಸ್ಟಿನಲ್ಲಿ ತಾವು ಸಸಿ ನೆಡಲು ದಯಮಾಡಿಸಿದಿರಿ. ಜೆಸಿಬಿ ಇಳಿಜಾರನ್ನೆಲ್ಲ ತೋಡಿತು. ಬಳ್ಳಿಗಳು ಮಣ್ಣುಪಾಲಾದವು, ಗೆಡ್ಡೆಗಳು ಮೇಲೆ ಬಿದ್ದವು. ಫೋಟೋದಲ್ಲಿ ಹರಕು ಕಂಬಳಿ ಚೆನ್ನಾಗಿ ಕಾಣದೆಂದು ತಮ್ಮ ಸಿಬ್ಬಂದಿ ಅದನ್ನು ಕಿತ್ತೆಸೆದರು. ಅವ್ವ ಆ ವಾರ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಜಹೀರಾಬಾದಿನ ನನ್ನ ಮನೆಯಲ್ಲಿದ್ದಳು. ಇಳಿಜಾರಿನಲ್ಲಿ ಬಳ್ಳಿಯೂ ಕಾಣದ್ದರಿಂದ, ಕಂಬಳಿಯನ್ನು ಅವಳೇ ಹೇಳಿ ಬಿಚ್ಚಿಸಿರಬೇಕೆಂದು ನನ್ನಪ್ಪ ಮರೆಪ್ಪ ಕುರಿ ಹತ್ತಿಸಿದ. ಮೂರು ದಿನದಲ್ಲಿ ಹದಿನಾಲ್ಕು ಕುರಿ ಸತ್ತವು. ಒಂದೊಂದರ ತಲೆಯನ್ನೂ ಅಪ್ಪ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ತಮ್ಮ ವರದಿ ಇದನ್ನು ‘ಕುರಿಗಾಹಿಯ ನಿರ್ಲಕ್ಷ್ಯ’ ಎಂದಿತು. ಕಂಬಳಿಯ ಸುದ್ದಿ ಅದರಲ್ಲಿಲ್ಲ. ಜೆಸಿಬಿಯ ಹೆಸರೂ ಇಲ್ಲ. ಈಗ ಉಳಿದಿರುವುದು ತುದಿಯ ಬಂಡೆಗಳ ನಡುವಿನ ನಾಲ್ಕಾರು ಬಳ್ಳಿ. ಇದೇ ಹೂ ಹಿಮಾಲಯದಲ್ಲಿ ಅರಳಿದ್ದರೆ ತಾವು ರಜೆ ಹಾಕಿ ನೋಡಲು ಹೋಗುತ್ತಿರಲಿಲ್ಲವೇ?

ಆದೇಶವನ್ನು ನಾನೇ ಅಪ್ಪನಿಗೆ ಓದಿ ಹೇಳಿದೆ. ಅವನು ಅಂದ: “ಹೂವಿಂದೇನು ತಪ್ಪದವ್ವಾ? ಅದು ತನ್ನ ಜಾಗಾದಾಗ ಇತ್ತು. ಕುರಿ ಹೊಡಕೊಂಡು ಹೋದಾವ ನಾ. ಸೋಮವಾರ ನಾ ಅಲ್ಲೇ ಕೂಡ್ತೀನಿ. ಔಷಧ ಹೊಡಿಯಾಕ ಬರ್ಲಿ.”

ಆದೇಶವನ್ನು ರದ್ದು ಮಾಡಿ. ವರದಿಯಲ್ಲಿ ನಿಜ ಬರೆಯಿರಿ. ಇಲ್ಲವಾದರೆ ಪಂಪು ಹೊತ್ತು ಬರುವವರಿಗೆ ಮೊದಲೇ ತಿಳಿಸಿಡಿ, ಬಳ್ಳಿಗಳ ನಡುವೆ ಒಬ್ಬ ಮುದುಕ ಕೂತಿರುತ್ತಾನೆ, ಕರೆದರೆ ಏಳುವುದಿಲ್ಲ.

ಇಂತಿ,
ತಮ್ಮ ಕಡತದ ಅಪರಾಧಿಯ ಮಗಳು,
ರಾಜೇಶ್ವರಿ