ಮೂರು ಫ್ಯೂಸಿನ ಚೀಲ

ಜೂನ್ 14, ಭಾನುವಾರ
ಬೆಳಿಗ್ಗೆ

ಪ್ರೀತಿಯ ಏಣಿಗೆ,

ನಿನ್ನ ಇಕ್ಕಳದ ನಮಸ್ಕಾರ. ಕೆಲಸದಲ್ಲಿ ಬಿದ್ದ ನಮ್ಮ ಅಡ್ಡಹೆಸರುಗಳನ್ನು ನಾನಿನ್ನೂ ಬಿಟ್ಟಿಲ್ಲ. ಇಲ್ಲಿ ನಾವಿಬ್ಬರೂ ಇದ್ದೇವೆ; ಚೆನ್ನಾಗಿದ್ದೇವೆ ಎಂದು ಬರೆಯಲು ಪೆನ್ನು ಒಪ್ಪುತ್ತಿಲ್ಲ. ನೀನು ಎಡಗೈಯಲ್ಲಿ ಬರೆದ ಕಾಗದ ಬಂದು ಮೂರು ತಿಂಗಳಾಯಿತು. ಬಲಗೈ ನೆಟ್ಟಗಿರುವ ನನಗೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಬೈಯುವುದಿದ್ದರೆ ಬಾಯಿ ತುಂಬ ಬೈ. ನಿನ್ನ ಅಕ್ಷರ ಮೊದಲೂ ಕಾಗೆ ಕಾಲು ಗುಬ್ಬಿ ಕಾಲೇ ಆಗಿತ್ತು, ಎಡಗೈಯದೇ ಅದಕ್ಕಿಂತ ವಾಸಿ ಎಂದಳು ನಿನ್ನ ಅತ್ತಿಗೆ. ನನ್ನನ್ನು ನಗಿಸಲೆಂದೇ ಹೇಳಿದ್ದು. ನಾನು ಎದ್ದು ಹಿತ್ತಲಿಗೆ ಹೋದೆ.

ನೀನು ಕೇಳಿದ್ದು ಎರಡೇ ಮಾತು. ನಿನ್ನ ಫ್ಯೂಸಿನ ಚೀಲ ಎಲ್ಲಾದರೂ ಸಿಕ್ಕಿತೇ ಎಂಬುದು ಒಂದು. "ಅವತ್ತು ಎರಡು ಕಿತ್ತೆನೋ ಮೂರು ಕಿತ್ತೆನೋ, ಎಷ್ಟು ನೆನೆಸಿಕೊಂಡ್ರೂ ಹೊಳೀತಿಲ್ಲ ಕಣೋ" ಎಂಬುದು ಇನ್ನೊಂದು. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅದಕ್ಕೆ ಬರುತ್ತೇನೆ. ಸ್ವಲ್ಪ ಸುತ್ತಿ ಬರುತ್ತೇನೆ, ತಾಳ್ಮೆಯಿರಲಿ.

ಮೊದಲು ಇಲ್ಲಿಯ ಸುದ್ದಿ. ನಮ್ಮ ಅತ್ತೆ ಫೆಬ್ರವರಿಯಲ್ಲಿ ತೀರಿಕೊಂಡರು. ಅವರ ಉಸಿರಾಟದ ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟಿದ್ದೇವೆ. ಅದರ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎನ್ನುತ್ತಾಳೆ ನಿನ್ನ ಅತ್ತಿಗೆ. ನಮ್ಮ ಲೈನ್‌ಮನ್ ಕೋಣೆ ಹಾಗೇ ಇದೆ, ಕಡಲ ಗಾಳಿ ಕಿಟಕಿಯ ಸರಳುಗಳನ್ನು ಇನ್ನಷ್ಟು ತಿಂದಿದೆ ಅಷ್ಟೆ. ನಿನ್ನ ಮೊಳೆಗೆ ಯಾರೂ ಹೆಲ್ಮೆಟ್ ತೂಗುಹಾಕುವುದಿಲ್ಲ. ನಿನ್ನ ಜಾಗಕ್ಕೆ ಬಂದವನು ಒಮ್ಮೆ ಹಾಕಲು ಹೋದಾಗ ನಾನು ನೋಡಿದ ನೋಟಕ್ಕೆ ಕೈ ಹಿಂದಕ್ಕೆ ತೆಗೆದುಕೊಂಡ.

ನಿನ್ನ ಪದ್ಧತಿಯನ್ನು ಮಾತ್ರ ಎಲ್ಲರೂ ಬಿಡದೆ ನಡೆಸುತ್ತಿದ್ದಾರೆ. ಟ್ರಾನ್ಸ್‌ಫಾರ್ಮರಿನಿಂದ ಕಿತ್ತ ಫ್ಯೂಸುಗಳನ್ನು ಜೀಪಿನಲ್ಲಿ ಇಡುವುದಿಲ್ಲ, ಕೆಳಗೆ ನಿಂತವನ ಕೈಗೂ ಕೊಡುವುದಿಲ್ಲ. ಕಂಬ ಹತ್ತುವವನೇ ಅವನ್ನು ಚೀಲಕ್ಕೆ ಹಾಕಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ. ಮೂರು ತಂತಿಗೆ ಮೂರು ಫ್ಯೂಸು. ಅವನು ಇಳಿಯುವ ತನಕ ಯಾರಪ್ಪ ಬಂದರೂ ಲೈನ್ ಚಾಲೂ ಆಗುವುದಿಲ್ಲ. "ಫ್ಯೂಸು ಯಾರ ಸೊಂಟದಲ್ಲೋ ಪ್ರಾಣ ಅವನ ಸೊಂಟದಲ್ಲಿ" ಎನ್ನುತ್ತಿದ್ದೆಯಲ್ಲ, ಅದೀಗ ಇಲ್ಲಿ ಗಾದೆಯೇ ಆಗಿದೆ.

ನೀನು ಹೋದ ಮೇಲೆ ನಾನೊಂದು ಹುಚ್ಚು ಹಚ್ಚಿಕೊಂಡಿದ್ದೇನೆ. ರಜೆಯ ದಿನ ಕಡಲ ಕಡೆಯ ಬೀದಿಗಳಲ್ಲಿ ಮನೆಮನೆಗೂ ಹೋಗುತ್ತೇನೆ. ಗಾಳಿ ಜೋರಾದ ಕೂಡಲೇ ಮೇನ್ ಸ್ವಿಚ್ ಇಳಿಸಿ. ಮನೆಗೆ ನೀರು ನುಗ್ಗಿದ ಮೇಲೆ ನೀರಿನಲ್ಲಿ ನಿಂತು ಇಳಿಸಲು ಹೋಗಬೇಡಿ. ಬಿದ್ದ ತಂತಿ ಸತ್ತ ಹಾವಲ್ಲ, ಕೋಲಿನಿಂದ ಕೆದಕಬೇಡಿ, ನಮ್ಮನ್ನು ಕರೆಯಿರಿ. ಯಾರಿಗಾದರೂ ಕರೆಂಟ್ ಹಿಡಿದರೆ, ಹೆತ್ತ ಮಗುವೇ ಆದರೂ ಬರಿಗೈಯಲ್ಲಿ ಎಳೆಯಬೇಡಿ. ಇಷ್ಟು ಹೇಳುವಷ್ಟರಲ್ಲಿ ಕೆಲವರು ಒಳಗೆ ಹೋಗಿ ಟೀವಿ ಹಾಕುತ್ತಾರೆ. ಆಗ ನನಗೆ ಪಿತ್ತ ನೆತ್ತಿಗೇರುತ್ತದೆ. ಬೈದು, ಕೈ ಹಿಡಿದು ಎಳೆದು ತಂದು, ಅವರದೇ ಸ್ವಿಚ್ಚಿನ ಮುಂದೆ ನಿಲ್ಲಿಸಿ ಅವರ ಕೈಯಲ್ಲೇ ಹಿಡಿ ಇಳಿಸುವಂತೆ ಮಾಡುತ್ತೇನೆ.

ಹೋದ ಮಂಗಳವಾರ ಮಧ್ಯಾಹ್ನ ಮತ್ತೆ ಬಿರುಗಾಳಿ ಬೀಸಿತು. ಬಟ್ಟೆ ಹೊಲಿಯುವ ತಂಗಿ ಗೊತ್ತಲ್ಲ, ಕಡಲ ದಂಡೆಗೆ ಹತ್ತಿರದ ತಗ್ಗಿನ ಮನೆಯವಳು. ಅವಳ ಮನೆಗೆ ಕಣಕಾಲು ಮುಳುಗುವಷ್ಟು ನೀರು ಬಂದಿದೆ. ಅವಳ ಗಂಡ ಫ್ರಿಜ್ಜನ್ನು ಎತ್ತರಕ್ಕಿಡೋಣವೆಂದು ಹಿಡಿದವನು ಹಾಗೇ ಅಂಟಿಕೊಂಡು ನಿಂತುಬಿಟ್ಟಿದ್ದಾನೆ, ಬಾಯಿಂದ ಮಾತಿಲ್ಲ. ಇವಳು ಬಟ್ಟೆ ಕತ್ತರಿಸುವ ಮರದ ಮೇಜು ಹತ್ತಿದ್ದಾಳೆ; ಬಟ್ಟೆ ಅಳೆಯುವ ಮರದ ಪಟ್ಟಿಯಿಂದ ಬಾಗಿಲ ಪಕ್ಕದ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಗೆ ತಳ್ಳಿದ್ದಾಳೆ. ಅವನು ದೊಪ್ಪನೆ ನೀರಿಗೆ ಬಿದ್ದ. ಬದುಕಿದ.

ಮರುದಿನ ಇಬ್ಬರೂ ನಮ್ಮ ಮನೆಗೆ ಬಂದರು. "ಅಣ್ಣಾ, ಮೊದಲು ಕೈ ಚಾಚಿಬಿಟ್ಟಿದ್ದೆ. ನಿಮ್ಮ ಬೈಗುಳ ಕಿವೀಲಿ ಕೇಳಿಸ್ತು, ಹಿಂದಕ್ಕೆ ತಗೊಂಡೆ. ಇವರು ಉಳಿದದ್ದು ನಿಮ್ಮಿಂದ" ಎಂದು ಬಾಗಿ ಕಾಲು ಮುಟ್ಟಲು ಬಂದಳು. ನಾನು ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿದೆ. ಅವಳ ಮನೆಯಲ್ಲಿ ಹಿಡಿ ಕೆಳಗೆ ಬಂದಾಗ ಕರೆಂಟ್ ನಿಜವಾಗಿಯೂ ಹೋಯಿತು, ಏಣಿ. ಅಂದಿನಿಂದ ನನಗೆ ಅದೊಂದೇ ಯೋಚನೆ.

ಇನ್ನು ಕಂಬದ ಮೇಲೆ ನಿನಗೆ ಕರೆಂಟ್ ಹೊಡೆದದ್ದರ ವಿಚಾರಣೆಯ ವಿಷಯ. ಬರುವ ಇಪ್ಪತ್ತೆರಡಕ್ಕೆ ಕಡತ ಮುಚ್ಚುತ್ತಾರೆ. "ಫ್ಯೂಸು ಕೀಳದೆ ಕಂಬ ಹತ್ತಿದ್ದು ಲೈನ್‌ಮನ್‌ನ ಸ್ವಂತ ಅಜಾಗರೂಕತೆ" ಎಂದು ಬರೆಯುವುದಂತೆ. ನಿನ್ನನ್ನು ಬಲ್ಲ ಯಾರೂ ಅದನ್ನು ನಂಬುವುದಿಲ್ಲ. ಆದರೆ ಅಧಿಕಾರಿ ಕೇಳುವುದೂ ನ್ಯಾಯವೇ: "ಕಿತ್ತಿದ್ದರೆ ಆ ಫ್ಯೂಸುಗಳು ಎಲ್ಲಿ? ಚೀಲ ಎಲ್ಲಿ?" ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಅವಸರ ಮಾಡದವನು ಮಂಚದ ಮೇಲೆ ಮಲಗಿ, ತಾನೇ ತಪ್ಪು ಮಾಡಿದೆನೇನೋ ಎಂದು ಬೆರಳಿಲ್ಲದ ಕೈಯಲ್ಲಿ ಎಣಿಸುತ್ತಿದ್ದಾನೆ ಎಂದುಕೊಂಡರೆ ರಾತ್ರಿ ಹಾಸಿಗೆಯಿಂದ ಎದ್ದು ಕೂರುತ್ತೇನೆ.

ನಿನ್ನ ಹೆಂಡತಿಗೆ, ನನ್ನ ತಂಗಿಯಂಥವಳಿಗೆ, ನನ್ನ ನಮಸ್ಕಾರ ಹೇಳು. ನಿನ್ನನ್ನು ನೋಡಿಕೊಳ್ಳುತ್ತಿರುವ ದೊಡ್ಡ ಮಗಳಿಗೆ, ಅವಳ ಕೂಸಿಗೆ ನನ್ನ ಆಶೀರ್ವಾದ. ಆ ಮನೆಯಲ್ಲಿ ಎಂದೂ ದೀಪ ಆರದಿರಲಿ. ಡಾಕ್ಟರು ಹೇಳಿದ ವ್ಯಾಯಾಮ ತಪ್ಪಿಸಬೇಡ. ಸೋಮಾರಿತನಕ್ಕೆ ನೀನು ಹೆಸರುವಾಸಿ.

ಇಂತು,
ನಿನ್ನ ಇಕ್ಕಳ

ತಾ.ಕ.: ಮೇಲಿನದನ್ನು ಮಡಚಿ ಲಕೋಟೆಗೆ ಹಾಕಿದ್ದೆ. ಅಂಟಿಸಲು ಕೈ ಬರಲಿಲ್ಲ.

ಚೀಲ ನನ್ನ ಹತ್ತಿರ ಇದೆ. ಏಳು ತಿಂಗಳಿಂದ ನಮ್ಮ ಮನೆಯ ಕಪಾಟಿನಲ್ಲಿ, ನನ್ನ ಹಳೆಯ ಸಮವಸ್ತ್ರದ ಅಡಿಯಲ್ಲಿದೆ.

ನಮ್ಮ ಬೀದಿಯ ತಂತಿ ಹರಿದಿದ್ದ ಅವತ್ತು, ಎಲ್ಲಿಂದಲಾದರೂ ಕರೆಂಟ್ ಬಂದರೆ ನೆಲಕ್ಕೆ ಇಳಿದುಹೋಗಲೆಂದು ತಂತಿಗೆ ಬಿಗಿಯುವ ಸರಪಳಿ ಇನ್ನೊಂದು ತಂಡದವರ ಬಳಿ ಇತ್ತು. "ಅದು ಬರ್ಲಿ, ಆಮೇಲೆ ಹತ್ತೋಣ" ಎಂದೆ ನೀನು. ಮನೆಯಲ್ಲಿ ಅತ್ತೆಯ ಯಂತ್ರ ನಿಂತುಹೋಗಿದೆ, ಬೇಗ ಆಗಲಿ ಎಂದು ನಿನ್ನನ್ನು ಹತ್ತಿಸಿದವನು ನಾನು. ನೀನು ಪರೀಕ್ಷೆಯ ಬಲ್ಬನ್ನು ತಂತಿಗೆ ತಾಗಿಸಿ ನೋಡಿದೆ, ಅದು ಉರಿಯಲಿಲ್ಲ; ಕರೆಂಟ್ ಇರಲಿಲ್ಲ. ನೀನು ತಂತಿ ಜೋಡಿಸುತ್ತಿದ್ದ ಹೊತ್ತಿಗೆ, ಮೂರು ಮನೆ ಆಚೆ, ಅತ್ತೆಗೆ ಉಸಿರು ಕಟ್ಟುತ್ತಿದೆ ಎಂದು ನಿನ್ನ ಅತ್ತಿಗೆ ಜನರೇಟರ್ ಚಾಲೂ ಮಾಡಿದಳು. ಅದರ ಕರೆಂಟ್ ಮನೆಗೆಲ್ಲ ಹರಿಯಲೆಂದು, ಎರಡೂ ತುದಿಗೆ ಪಿನ್ ಇರುವ ವೈರನ್ನು ಅದರಿಂದ ಗೋಡೆಯ ಪ್ಲಗ್ಗಿಗೆ ಚುಚ್ಚಿದಳು. ಆ ವೈರ್ ಮಾಡಿಕೊಟ್ಟವನು ನಾನೇ. ಊರಿಗೆಲ್ಲ ಬೇಡ ಎನ್ನುವವನ ಮನೆಯಲ್ಲೇ ಅದು ಇತ್ತು. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಅವಳು ತಪ್ಪು ಮಾಡಲಿಲ್ಲ. ನಾನು ಕಲಿಸಿದಂತೆ ಮೊದಲು ಮೇನ್ ಸ್ವಿಚ್ಚಿನ ಹಿಡಿ ಇಳಿಸಿದ್ದಳು. ಆದರೆ ಸ್ವಿಚ್ಚಿನ ಒಳಗೆ ಉಪ್ಪು ಗಾಳಿಗೆ ತುಕ್ಕು ಹಿಡಿದು ಕರೆಂಟ್ ಕೈಕೊಡುತ್ತಿತ್ತು, ಅತ್ತೆಯ ಯಂತ್ರ ಪದೇ ಪದೇ ನಿಲ್ಲುತ್ತಿತ್ತು. ಹೊಸದು ತರುವ ತನಕ ಇರಲಿ ಎಂದು ನಾನು ಆ ದಿನಕ್ಕೆ ಎರಡು ತಿಂಗಳ ಮೊದಲೇ ಒಳಗೆ ತಾಮ್ರದ ತಂತಿ ಸುತ್ತಿ ಈಚೆ ಆಚೆ ಸೇರಿಸಿದ್ದೆ. ಹಿಡಿ ಇಳಿದರೂ ದಾರಿ ತೆರೆದೇ ಇತ್ತು. ಆ ಕರೆಂಟ್ ನಮ್ಮ ಮನೆಯಿಂದ ಹೊರಟು ಬೀದಿಯ ತಂತಿ ಸೇರಿ ನಿನ್ನ ಕೈಗೆ ಬಂತು.

ಒಣ ಬಿದಿರಿನಿಂದ ನಿನ್ನ ಕೈ ಬಿಡಿಸಿ ಕೆಳಗಿಳಿಸುವಾಗಲೇ ನಮ್ಮ ಜನರೇಟರಿನ ಸದ್ದು ಕೇಳಿಸಿತು. ನನಗೆ ಆ ಕ್ಷಣವೇ ಗೊತ್ತಾಯಿತು. ನಿನ್ನ ಸೊಂಟದ ಚೀಲ ಬಿಚ್ಚಿ ನನ್ನ ಅಂಗಿಯೊಳಗೆ ಹಾಕಿಕೊಂಡೆ. ಮರುದಿನ ಬೇರೆ ಫ್ಯೂಸು ಹಾಕಿ ಲೈನ್ ಚಾಲೂ ಮಾಡಿದವನೂ ನಾನೇ. "ಕಿತ್ತಿದ್ದು ನಾನು ನೋಡಲಿಲ್ಲ" ಎಂದು ಅಧಿಕಾರಿಗೆ ಹೇಳಿಕೆ ಕೊಟ್ಟವನೂ ನಾನೇ. ಚೀಲ ಸಿಕ್ಕಿದರೆ, ಹಾಗಾದರೆ ಕರೆಂಟ್ ಎಲ್ಲಿಂದ ಬಂತು ಎಂದು ಕೇಳುತ್ತಾರಲ್ಲ. ಅತ್ತೆ ಇರುವ ತನಕ ಕೆಲಸ ಉಳಿಯಲಿ ಎಂದುಕೊಂಡೆ. ಅತ್ತೆ ಹೋದರು, ಆ ನೆಪವೂ ಹೋಯಿತು, ನಾನು ಬಾಯಿ ಬಿಡಲಿಲ್ಲ.

ನಿನ್ನೆ ಸಂಜೆ ನಿನ್ನ ಅತ್ತಿಗೆಗೆ ಎಲ್ಲ ಹೇಳಿದೆ. "ನಾನು ಹಿಡಿ ಇಳಿಸಿದ್ದೆನಲ್ರೀ" ಎಂದಳು. ಮತ್ತೆ ಅದನ್ನೇ ಹೇಳಿದಳು. ಎದ್ದು ಹೋಗಿ ಪೆನ್ನು, ಕಾಗದ ತಂದಿಟ್ಟು, "ಮೊದಲು ಅವರಿಗೆ ಬರೀರಿ. ಆಮೇಲೆ ನನ್ನ ಹತ್ರ ಮಾತಾಡಿ" ಎಂದಳು. ಅದಕ್ಕೇ ಈ ಕಾಗದ.

ನಾಳೆ ಕಚೇರಿ ತೆರೆದ ಕೂಡಲೇ ಚೀಲವನ್ನೂ ಆ ತಾಮ್ರದ ತಂತಿಯನ್ನೂ ಅಧಿಕಾರಿಯ ಮೇಜಿನ ಮೇಲಿಟ್ಟು ಹೊಸ ಹೇಳಿಕೆ ಕೊಡುತ್ತೇನೆ. ಬೇರೆಯವರ ಬಾಯಿಂದ ನಿನಗೆ ತಿಳಿಯುವುದು ಬೇಡ ಎಂದು ಇದನ್ನು ಇವತ್ತೇ ಡಬ್ಬಿಗೆ ಹಾಕುತ್ತಿದ್ದೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಉತ್ತರ ಬರೆಯದಿದ್ದರೂ ಸರಿ.

ಪಿಂಗಾಣಿಯ ಫ್ಯೂಸುಗಳಲ್ಲಿ ಒಂದು ನಿನ್ನನ್ನು ಇಳಿಸುವಾಗ ಒಡೆದಿದೆ, ಎರಡು ಇಡಿಯಾಗಿವೆ. ಇವತ್ತು ಬೆಳಿಗ್ಗೆ ಮತ್ತೊಮ್ಮೆ ಚೀಲ ಬಿಚ್ಚಿ, ಚೂರುಗಳನ್ನು ಜೋಡಿಸಿ ನೋಡಿದೆ. ನೀನು ಕೇಳಿದ್ದೆಯಲ್ಲ, ಎರಡು ಕಿತ್ತೆನೋ ಮೂರೋ ಎಂದು. ಮೂರೂ ಕಿತ್ತಿದ್ದೆ ಕಣೋ.