ಈ ಹಬ್ಬದ ರಜೆ ತೆಹ್ರಾನಿನಲ್ಲೇ

ಇಸ್ಫಂದ್ 17, ಸಂಜೆ

ಪರದೆಗಳನ್ನೆಲ್ಲ ಇಳಿಸಿ ಮಷೀನಿಗೆ ಹಾಕಿದ್ದಾಯಿತು. ಹಾಲಿನ ಪರದೆ ಎರಡು ಸಲ ತೊಳೆದರೂ ನೀರು ಕಪ್ಪಗೇ ಬಂತು. ಒಂದು ವರ್ಷದ ಹೊಗೆ. ತೊಳೆಯಲು ಕೊಟ್ಟ ಕಾರ್ಪೆಟ್ಟು ಇನ್ನೂ ಬಂದಿಲ್ಲ. ಬರಿಗಾಲಿಗೆ ನೆಲ ಕೊರೆಯುತ್ತದೆ. ಇಸ್ಫಂದ್ ತಿಂಗಳು ಮುಗಿದರೆ ಹೊಸ ವರ್ಷ, ಇನ್ನು ಹನ್ನೆರಡೇ ದಿನ… ಅಡುಗೆಮನೆಯ ಕಪಾಟು ಮುಟ್ಟಿಯೇ ಇಲ್ಲ.

ಮೆಟ್ಟಿಲ ಮೇಲೆ ಎದುರುಮನೆಯಾಕೆ ಸಿಕ್ಕಳು.

"ಸೂದಾಬೆ ಜಾನ್, ಈ ಸಲಾನೂ ಸಮುದ್ರದ ಕಡೆ ತಾನೇ?"

"ಇಲ್ಲ. ಇಲ್ಲೇ ಇರ್ತೀವಿ."

"ಹದಿಮೂರು ದಿನಾನೂ? ಅಯ್ಯೋ, ಬೆಕ್ಕು ಬಿಟ್ರೆ ಊರಲ್ಲಿ ಯಾರೂ ಇರಲ್ವಲ್ಲ!"

ಅಂದಮೇಲೆ ನೆನಪಾಯಿತು ಪಾಪ, ನಾಲಿಗೆ ಕಚ್ಚಿಕೊಂಡಳು. "ನಿಮ್ಮ ಮಾವ ಇರೋ ಕಡೆ ತಣ್ಣಗಿರ್ಲಿ" ಎಂದು ಗೊಣಗಿ ಸರಸರ ಇಳಿದು ಹೋದಳು.

ನನ್ನ ಗಂಡ ಕಾಂಬೀಜ್ ಆಫೀಸಿನಿಂದ ದೊಡ್ಡ ಹಾಳೆಯೊಂದನ್ನು ಸುರುಳಿ ಸುತ್ತಿ ತಂದಿದ್ದಾನೆ. ಹದಿಮೂರು ಚೌಕ ಎಳೆದಿದ್ದಾನೆ, ದಿನಕ್ಕೊಂದು. "ಹುಟ್ಟಿದ್ದು ಬೆಳೆದದ್ದು ಇದೇ ಊರು, ಇನ್ನೂ ಗುಲಿಸ್ತಾನ್ ಅರಮನೆ ಒಳಗೆ ಕಾಲಿಟ್ಟಿಲ್ಲ. ನಾಚಿಕೆ ಆಗ್ಬೇಕು. ಈ ಸಲ ನಮ್ಮೂರಿಗೆ ನಾವೇ ನೆಂಟರು" ಎಂದ. ಧ್ವನಿ ಸ್ವಲ್ಪ ಜಾಸ್ತಿಯೇ ಉತ್ಸಾಹದಲ್ಲಿತ್ತು. ಒಂದೇ ನಿಯಮ: ಮೆಟ್ರೋ, ಇಲ್ಲವೇ ಕಾಲ್ನಡಿಗೆ. ಯಾಕೆಂದು ಯಾರೂ ಕೇಳಲಿಲ್ಲ. ಮಗ ರಾದೀನ್ ಕಾರು ಹತ್ತಿ ವರ್ಷವಾಗುತ್ತ ಬಂತು. ಟ್ಯಾಕ್ಸಿಯೂ ಇಲ್ಲ. ಚಳಿಗಾಲದಲ್ಲಿ ಹಲ್ಲುನೋವು ಬಂದಾಗ ಕೆನ್ನೆ ಹಿಡಿದುಕೊಂಡು ಹಿಮದಲ್ಲಿ ನಲವತ್ತು ನಿಮಿಷ ನಡೆದ. ಒಂಬತ್ತು ವರ್ಷದ ಹುಡುಗ.

ಇಸ್ಫಂದ್ 19

ಊಟದ ಮೇಜಿನ ಮೇಲೆ ಹಾಳೆ ಹರಡಿ ಚೌಕ ತುಂಬಿದೆವು. ತಲೆಗೆ ನಾಲ್ಕು. ಕೊನೆಯದು ಎಲ್ಲರದೂ.

ಕಾಂಬೀಜ್: ಅರಮನೆ, ದರ್ಬಂದಿನ ಹೊಳೆ ಪಕ್ಕ ಹತ್ತುವುದು, ಸಿನೆಮಾ, "ಒಂದು ದಿನ ಸುಮ್ಮನೆ ನಿದ್ದೆ". ನಾನು: ತಜ್ರೀಶ್ ಬಜಾರು, ತೂಗುಸೇತುವೆಯಂಥ ಆ ಹೊಸ ಸೇತುವೆ, ವಲಿಯಸ್ರ್ ರಸ್ತೆಯ ಚಿನಾರ್ ಮರಗಳ ಕೆಳಗೆ ನಡಿಗೆ… ನಾಲ್ಕನೆಯದು ತೋಚಲಿಲ್ಲ. ರಾದೀನ್: ಮೆಟ್ರೋದ ಮೊದಲ ಲೈನಿನ ಈ ತುದಿಯಿಂದ ಆ ತುದಿಗೆ, ಇಳಿಯದೆ. ನಕ್ಕೆವು. ಎಷ್ಟು ದಿನವಾಗಿತ್ತು, ಮೂವರೂ ಒಟ್ಟಿಗೆ ನಕ್ಕು.

ಆಮೇಲೆ ಅವನು ಪೆನ್ಸಿಲ್ ತೆಗೆದುಕೊಂಡು ಮೂರನೇ ಚೌಕದಲ್ಲಿ ಬರೆದ: ಅಜ್ಜಿ ಮನೆ.

ಕಾಂಬೀಜ್ ಪೆನ್ನಿನ ಮುಚ್ಚಳ ಹಾಕಿದ. "ಅದು ಸುತ್ತಾಡೋ ಜಾಗ ಅಲ್ಲ ಕಣೋ."

"ಅದೂ ನಮ್ಮೂರೇ ತಾನೇ? ಮೆಟ್ರೋ ಹೋಗತ್ತೆ. ರೇ ಸ್ಟೇಷನ್ನಲ್ಲಿ ಇಳಿದ್ರೆ ಆಯ್ತು."

"ಅಜ್ಜಿಗೆ ಹುಷಾರಿಲ್ಲ."

"ಇಲ್ಲ. ಅಜ್ಜಿಗೆ ನಿನ್ನ ಮೇಲೆ ಸಿಟ್ಟು."

ಕಾಂಬೀಜ್ ಎದ್ದು ಹೋಗಿ ಚಹಾ ಲೋಟ ತೊಳೆಯತೊಡಗಿದ. ತೊಳೆದದ್ದನ್ನೇ ತೊಳೆದ. ರಾದೀನ್ ನನ್ನನ್ನು ನೋಡಿದ. ನಾನು ಹಾಳೆ ನೋಡಿದೆ.

ಇಸ್ಫಂದ್ 20, ಬೆಳಿಗ್ಗೆ, ಇಬ್ಬರೂ ಹೋದಮೇಲೆ

ಇದನ್ನು ಎಲ್ಲೂ ಬರೆದಿಲ್ಲ. ಇಲ್ಲೂ. ಬರೆಯುತ್ತೇನೆ.

ಕಾರು ಓಡಿಸುತ್ತಿದ್ದವಳು ನಾನು.

ಹೋದ ವರ್ಷ ಹಬ್ಬದ ಐದನೇ ದಿನ. ಸಮುದ್ರಕ್ಕೆ ಹೋಗುವ ಚಾಲೂಸ್ ಬೆಟ್ಟದ ರಸ್ತೆ. ರಾದೀನ್‌ಗೆ ವಾಂತಿ ಬರುವಂತಾಗಿ ಕಾಂಬೀಜ್ ಹಿಂದಿನ ಸೀಟಿಗೆ ಹೋಗಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಮಾವ ನನ್ನ ಪಕ್ಕ. ಅತ್ತೆ ಮಂಡಿನೋವೆಂದು ಮನೆಯಲ್ಲೇ ಉಳಿದಿದ್ದರು. ತಿರುವು ಬಂತು. ನನ್ನ ಕಣ್ಣು ರಸ್ತೆಯ ಮೇಲಿರಲಿಲ್ಲ. ಬಲಗಡೆ ಬಂಡೆ. ಸ್ಟಿಯರಿಂಗ್ ಹಿಡಿದ ನಾನು ಎಡಗಡೆ, ಮಾವ ಇದ್ದದ್ದು ಬಲಗಡೆ.

ಪೊಲೀಸರು ಕೇಳಿದಾಗ ನನಗೆ ಬಾಯಿ ಬರಲಿಲ್ಲ. ಕಾಂಬೀಜ್ ಹೇಳಿದ: "ನಾನು ಓಡಿಸ್ತಿದ್ದೆ." ಆಮೇಲೆ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಕಿವಿಯಲ್ಲಿ: "ಅಮ್ಮ ಮಗನನ್ನ ಕ್ಷಮಿಸ್ತಾಳೆ. ಸೊಸೇನ ಸಾಯೋತನಕ ಕ್ಷಮಿಸಲ್ಲ. ಸುಮ್ನಿರು." ಸುಮ್ಮನಿದ್ದೆ. ಮಗುವಿಗೂ ಹೇಳಿಕೊಟ್ಟೆವು — ಅಪ್ಪ ಓಡಿಸ್ತಿದ್ದ ಅನ್ನು. ಅವನು ತಲೆಯಾಡಿಸಿದ. ಅಂದಿನಿಂದ ಕಾರಿನ ಬಾಗಿಲ ಹತ್ತಿರ ಹೋದರೆ ಅವನ ಮೈ ಕಲ್ಲಾಗುತ್ತದೆ.

ಅತ್ತೆ ಮಗನನ್ನು ಕ್ಷಮಿಸಲಿಲ್ಲ. ನಲವತ್ತನೇ ದಿನದ ಪ್ರಾರ್ಥನೆಗೆ ಹೋದವನ ಮುಖದ ಮೇಲೆಯೇ ಬಾಗಿಲು ಹಾಕಿದರು. ಅವನು ಮೂರು ಸಲ ಹೋದ. ಮೂರು ಸಲವೂ ಬೀದಿಯಲ್ಲೇ ನಿಂತು ವಾಪಸು ಬಂದ.

ನನಗೆ ಮಾತ್ರ ಚಳಿಗಾಲದಲ್ಲಿ ಉಪ್ಪಿನಕಾಯಿ ಕಳಿಸಿದರು.

ಇಸ್ಫಂದ್ 25

ನಾದಿನಿ ಮಾಹ್‌ರೋಖ್ ಫೋನು. ಕಾರ್ಪೆಟ್ಟು ಹಾಸುತ್ತಿದ್ದೆ, ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಮಾತಾಡಿದೆ.

"ಅತ್ತಿಗೆ, ಅಪ್ಪ ಹೋದಮೇಲೆ ಮೊದಲ ಹಬ್ಬ. ಎಲ್ಲರೂ ಬರ್ತಾರೆ. ಮೊದಲ ದಿನ ಬೇಡ, ಜನ ಜಾಸ್ತಿ. ಮೂರನೇ ದಿನ ನೀವು, ಮಗು ಬನ್ನಿ. ಅಮ್ಮ ದಿನಾ ಕೇಳ್ತಾಳೆ, ಪಾಪ ಸೂದಾಬೆ ಹೇಗಿದಾಳೆ ಅಂತ."

"ಕಾಂಬೀಜ್?"

"ಅವನ ಹೆಸರೆತ್ತಿದ್ರೆ ಅಮ್ಮ ಕೋಣೆಗೆ ಹೋಗಿ ಬಾಗ್ಲು ಹಾಕ್ಕೋತಾಳೆ. ನನಗೂ ಸಾಕಾಗಿದೆ ಅತ್ತಿಗೆ. ನನ್ನ ಅಣ್ಣ ಅವನು."

ಪಾಪ ಸೂದಾಬೆ. ಇಡೀ ಮಧ್ಯಾಹ್ನ ಅಡುಗೆಮನೆಯ ಕಪಾಟು ತಿಕ್ಕಿದೆ.

ಇಸ್ಫಂದ್ 29

ಜಗಳ. ಸಣ್ಣ ದನಿಯಲ್ಲಿ, ಬಚ್ಚಲ ನಲ್ಲಿ ಬಿಟ್ಟು, ಮಗುವಿಗೆ ಕೇಳಿಸದ ಹಾಗೆ.

ಹೇಳಿಬಿಡುತ್ತೇನೆ ಎಂದೆ.

"ಯಾರಿಗೋಸ್ಕರ? ನಿನ್ನ ಮನಸ್ಸು ಹಗುರ ಮಾಡ್ಕೊಳ್ಳೋಕಾ?"

"ನಿನಗೋಸ್ಕರ. ಹೋದ ವಾರ ಸ್ಟೇಷನ್ನಲ್ಲಿ ಅಮ್ಮನ ಥರ ಕಪ್ಪು ಚಾದರ್ ಹೊದ್ದವಳು ಕಂಡ ಕೂಡ್ಲೆ ಹಿಂದೆ ಓಡಿದೆಯಲ್ಲ, ನೋಡಿದೀನಿ."

"ನಾನು ತಡ್ಕೋತೀನಿ. ನನ್ನ ತಾಯಿ ಅವಳು. ಇವತ್ತಲ್ಲ ನಾಳೆ ಕರೀತಾಳೆ. ನಿನ್ನನ್ನ ಯಾವತ್ತೂ ಕರೆಯಲ್ಲ, ಗೊತ್ತಾಯ್ತಾ? ಜತೆಗೆ ಠಾಣೆ, ಕೋರ್ಟು. ಸುಳ್ಳು ಹೇಳಿದ್ದು ನಾನೂ ತಾನೇ?" ನಲ್ಲಿ ನಿಲ್ಲಿಸಿದ. "ಹದಿಮೂರು ದಿನ, ಸೂದಾಬೆ. ಮಗುಗೆ ಹದಿಮೂರು ದಿನ ಊರು ತೋರಿಸೋಣ. ಆಮೇಲೆ ನೋಡೋಣ."

ಬಾಗಿಲು ತೆರೆದರೆ ರಾದೀನ್ ಹೊರಗೆ ನಿಂತಿದ್ದ. ಹಲ್ಲುಜ್ಜುವ ಬ್ರಷ್ಷು ಬೇಕಿತ್ತಂತೆ.

ಫರ್ವರ್ದೀನ್ 1

ಬೆಳಿಗ್ಗೆ ಎಂಟಕ್ಕೆ ವರ್ಷ ತಿರುಗಿತು. ಹಬ್ಬದ ಮೇಜಿನ ಸುತ್ತ ಮೂವರು. ತಬ್ಬಿಕೊಂಡೆವು. ಕಾಂಬೀಜ್ ಫೋನನ್ನೇ ನೋಡುತ್ತಿದ್ದ. ಪ್ರತಿ ವರ್ಷ ಅಮ್ಮನ ಫೋನು ಬರುತ್ತಿತ್ತು, ವರ್ಷ ಯಾವ ಹೊತ್ತಿಗೆ ತಿರುಗಿದರೂ ಅದರ ಮರುನಿಮಿಷಕ್ಕೆ. ಎಂಟೂಕಾಲಕ್ಕೆ ಫೋನನ್ನು ಕವುಚಿಟ್ಟ.

ಮೊದಲ ಚೌಕ: ವಲಿಯಸ್ರ್. ರಸ್ತೆ ಖಾಲಿ. ಚಿನಾರ್ ಮರಗಳಲ್ಲಿ ಎಳೆ ಚಿಗುರು, ಕಾಲುವೆಯಲ್ಲಿ ನೀರಿನ ಸದ್ದು ಕೇಳುತ್ತಿತ್ತು. ಉತ್ತರಕ್ಕೆ ಹಿಮದ ಬೆಟ್ಟ ಕೈಗೆ ಸಿಗುವಷ್ಟು ಹತ್ತಿರ. ಇಂಥ ಊರಲ್ಲಿ ಇದ್ದೇವೆಂದು ವರ್ಷವಿಡೀ ಗೊತ್ತೇ ಆಗುವುದಿಲ್ಲ. ರಾದೀನ್ ನಡುರಸ್ತೆಯಲ್ಲಿ ಓಡಿದ. ಹುರಿದ ಬೀಜ ತಿಂದೆವು. ಕಾಂಬೀಜ್ ಫೋಟೋ ತೆಗೆದ.

ವಾಪಸು ಬರುವಾಗ ಮೆಟ್ರೋದಲ್ಲಿ ಅವನು ಎದುರು ಸೀಟಿನಲ್ಲಿ ತೂಕಡಿಸುತ್ತಿದ್ದ. ರಾದೀನ್ ನನ್ನ ತೋಳಿಗೊರಗಿ ಕೇಳಿದ:

"ಅಮ್ಮಾ, ಅಜ್ಜಿ ಮನೇಲಿ ಎಲ್ಲರೂ ಕೇಳ್ತಾರಲ್ಲ. ಆಗಲೂ ಅಪ್ಪ ಓಡಿಸ್ತಿದ್ದ ಅಂತಾನೇ ಹೇಳ್ಬೇಕಾ?"

ಅವನ ಜಾಕೆಟ್ಟಿನ ಗುಂಡಿ ಹಾಕತೊಡಗಿದೆ.

"ಎಷ್ಟು ದಿನ ಹೇಳ್ಬೇಕು?"

ಫರ್ವರ್ದೀನ್ 3, ಸಂಜೆ

ಈಗಲೇ ಬರೆದಿಡಬೇಕು.

ಕಾಂಬೀಜ್‌ಗೆ ಹೇಳಿದ್ದು ಇಷ್ಟೇ — ನಾನೂ ಮಗುವೂ ಹೋಗಿ ಬರ್ತೀವಿ. ಅವನು ಶೂ ಪಾಲಿಶ್ ಮಾಡಿಕೊಟ್ಟ, ರಾದೀನ್‌ನದು, ನನ್ನದು ಎರಡೂ. "ಅವಳ ಮಂಡಿ ಹೇಗಿದೆ, ನೋಡ್ಕೊಂಡು ಬಾ" ಎಂದ.

ಅತ್ತೆ ಕಪ್ಪು ಬಟ್ಟೆಯಲ್ಲೇ ಇದ್ದಾರೆ. ಬಾಗಿಲಲ್ಲೇ ನನ್ನನ್ನು ತಬ್ಬಿ "ನನ್ನ ಮಗಳು ಬಂದ್ಲು" ಎಂದು ಅತ್ತರು. ಇಳಿದುಹೋಗಿದ್ದಾರೆ. ಚಹಾದ ಸಮಾವರ್ ಕುದಿಯುತ್ತಿತ್ತು. ಖರ್ಜೂರ, ಹಲ್ವಾ. ನೆಂಟರು ಯಾರೂ ಇರಲಿಲ್ಲ, ಮಾಹ್‌ರೋಖ್ ಅಂಗಡಿಗೆ ಹೋಗಿದ್ದಳು. ರಾದೀನ್ ಅಂಗಳದ ಕೊಳದ ಹತ್ತಿರ ಓಡಿದ.

ಕೂತೆ. ಚಹಾ ಕೊಟ್ಟರು. ಕುಡಿಯಲಾಗಲಿಲ್ಲ.

"ಅಮ್ಮಾ, ಅವತ್ತು ಕಾರು ಓಡಿಸ್ತಿದ್ದದ್ದು ಕಾಂಬೀಜ್ ಅಲ್ಲ. ನಾನು."

ಸಕ್ಕರೆ ತುಂಡು ಅವರ ಬೆರಳಲ್ಲೇ ಉಳಿಯಿತು. "ಇನ್ನೊಂದು ಸಲ ಹೇಳು."

ಹೇಳಿದೆ.

ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಅದು ಸುಳ್ಳಾದ್ರೆ ನಿನ್ನ ಮಾವ ಮಲಗಿದ್ರು ಅನ್ನೋದೂ ಸುಳ್ಳೇ. ಪಕ್ಕದಲ್ಲಿ ಮಲಗಿದ್ರು, ನಿದ್ದೇಲೇ ಹೋದ್ರು, ಏನೂ ಗೊತ್ತಾಗ್ಲಿಲ್ಲ ಅಂದಿದ್ದ ಕಾಂಬೀಜ್."

"ಎಚ್ಚರ ಇದ್ರು. ನನ್ನ ಜತೆ ಮಾತಾಡ್ತಿದ್ರು."

"ಏನಂತ?"

"ಬೇಡ ಅಮ್ಮಾ."

"ಏನಂತ, ಸೂದಾಬೆ?"

"'ನಿನ್ನತ್ತೆ ತೂಬಾ ಬಂದಿದ್ರೆ ನಿಧಾನ, ನಿಧಾನ ಅಂತ ಹಿಂದಿನ ಸೀಟಿಂದ ನನ್ನ ಪ್ರಾಣ ತಿಂತಿದ್ಲು. ಆದ್ರೂ ಅವಳಿಲ್ದೆ ದಾರಿ ಸಪ್ಪೆ ಕಣಮ್ಮಾ' ಅಂದ್ರು. ನನಗೆ ನಗು ಬಂತು. ನಕ್ಕು ಅವರ ಕಡೆ ತಿರುಗಿದೆ. ಅಷ್ಟೇ."

ಅತ್ತೆ ಬಾಯಿಗೆ ಚಾದರ್ ಒತ್ತಿಕೊಂಡರು. ಒಳಗಿನಿಂದ ಬಂದದ್ದು ನಗುವೋ ಅಳುವೋ ತಿಳಿಯಲಿಲ್ಲ. ಹೊರಗೆ ರಾದೀನ್ ನೀರಿಗೆ ಕಲ್ಲೆಸೆಯುತ್ತಿದ್ದ.

ಆಮೇಲೆ ಮುಖ ಒರೆಸಿಕೊಂಡರು.

"ಒಂದು ವರ್ಷ ಮಗನ ಮುಖ ನೋಡ್ಲಿಲ್ಲ ನಾನು. ಒಂದು ವರ್ಷ ಈ ಮಾತೂ ಕೇಳ್ಲಿಲ್ಲ. ಎರಡನ್ನೂ ನಿನ್ನ ಹತ್ರಾನೇ ಇಟ್ಕೊಂಡಿದ್ದೆ. ನಾನು ಕಳಿಸಿದ್ದು ತಿಂದ್ಕೊಂಡು."

ನಾನು ಅವರ ಕೈ ಹಿಡಿಯಹೋದೆ. ಎಳೆದುಕೊಂಡರು.

"ಹೋಗು. ಮಗು ಇಲ್ಲಿರ್ಲಿ. ನನ್ನ ಮಗನನ್ನ ಕಳಿಸು."

ಜಾನ್ ಎನ್ನಲಿಲ್ಲ. ಮಗಳೇ ಎನ್ನಲಿಲ್ಲ. ಬಾಗಿಲವರೆಗೂ ಬರಲಿಲ್ಲ.

ಮನೆಗೆ ಬಂದು ಕಾಂಬೀಜ್‌ಗೆ ಹೇಳಿದೆ. ಅವನು ಚಪ್ಪಲಿ ಗೂಡಿನ ಮೇಲೆ ಕುಸಿದು ಕೂತ. "ನನ್ನನ್ನ ಒಂದು ಮಾತು ಕೇಳದೆ…" ಎಂದ. ಸಿಟ್ಟಿನಿಂದ ತುಟಿ ಬೆಳ್ಳಗಾಗಿತ್ತು. ಆಮೇಲೆ, "ಬಾ ಅಂದ್ಲಾ? ಅವಳ ಬಾಯಲ್ಲೇ?"

"ಅವರ ಬಾಯಲ್ಲೇ."

ಕೋಟು ಹಾಕಿಕೊಳ್ಳದೆ ಹೋದ.

ಫರ್ವರ್ದೀನ್ 4

ಇವತ್ತು ಅರಮನೆ. ಯಾರೂ ಹೋಗಲಿಲ್ಲ.

ಫರ್ವರ್ದೀನ್ 8

ನಾಲ್ಕು ದಿನ ಒಬ್ಬಳೇ. ತಜ್ರೀಶಿಗೆ ಹೋದೆ. ಬಜಾರು ಅರ್ಧ ಮುಚ್ಚಿತ್ತು. ಹಸಿ ಬಾದಾಮಿ ಇನ್ನೂ ಬಂದಿಲ್ಲ. ಮೂವರಿಗೆ ಆಗುವಷ್ಟು ಸೊಪ್ಪು ಕೊಂಡು ತಂದೆ, ಬಾಡಿಹೋಯಿತು.

ಇವತ್ತು ಮಧ್ಯಾಹ್ನ ಕಾಂಬೀಜ್ ಬಂದ, ಬಟ್ಟೆ ತೆಗೆದುಕೊಂಡು ಹೋಗಲು. ಮಾವನ ವರ್ಷದ ದಿನ ತಾಯಿಯ ಜತೆ ಸಮಾಧಿಗೆ ಹೋಗಿದ್ದನಂತೆ. ಗಡ್ಡ ಬಿಟ್ಟಿದ್ದಾನೆ. ಮುಖದಲ್ಲಿ ಏನೋ ಸಡಿಲವಾಗಿದೆ. ಊಟಕ್ಕೆ ಕೂರಲಿಲ್ಲ, ನಿಂತೇ ಎರಡು ತುತ್ತು ತಿಂದ.

"ನನ್ನ ಮೇಲೆ ಸಿಟ್ಟಾ?"

"ಹೌದು."

"ಇನ್ನೂ?"

"ಇರತ್ತೆ." ತಟ್ಟೆ ಇಟ್ಟ. ಬಾಗಿಲಲ್ಲಿ ತಿರುಗಿ, "ರಜೆ ಮುಗೀಲಿ. ಠಾಣೆಗೆ ನೀನೊಬ್ಳೇ ಹೋಗ್ಬೇಡ. ನಾನೂ ಬರ್ತೀನಿ" ಎಂದ.

ಫರ್ವರ್ದೀನ್ 11

ಇಬ್ಬರೂ ಮನೆಗೆ ಬಂದರು. ರಾದೀನ್ ಬಾಯಿ ಮುಚ್ಚುತ್ತಿಲ್ಲ. ಅಪ್ಪನ ಜತೆ ಲೈನಿನ ತುದಿಯವರೆಗೂ ಹೋಗಿ ಬಂದನಂತೆ, ಇಪ್ಪತ್ತೊಂಬತ್ತು ಸ್ಟೇಷನ್ನು, ಎಲ್ಲದರ ಹೆಸರೂ ಒಪ್ಪಿಸಿದ.

"ಅಜ್ಜಿ ನನ್ನನ್ನೂ ಕೇಳಿದ್ಲು. ನೀನು ಏನು ನೋಡ್ದೆ ಅಂತ. ಎಲ್ಲಾ ಹೇಳ್ದೆ." ಉಸಿರು ತೆಗೆದುಕೊಂಡ. "ಹೇಳ್ಬಹುದಿತ್ತು ತಾನೇ?"

"ಹೇಳ್ಬಹುದಿತ್ತು ಕಂದಾ. ಮೊದಲೇ ಹೇಳ್ಬಹುದಿತ್ತು. ಬೇಡ ಅಂದಿದ್ದು ನಮ್ಮ ತಪ್ಪು."

ಒಪ್ಪಿಕೊಂಡವನಂತೆ ತಲೆಯಾಡಿಸಿದ. "ಅಜ್ಜಿ ಇನ್ನೊಂದು ಕೇಳಿದ್ಲು. ಮನೇಲಿ ನಿಮ್ಮಮ್ಮ ಒಬ್ಳೇನಾ ಅಂತ."

"ನೀನೇನಂದೆ?"

"ಹೂಂ ಅಂದೆ."

"ಅದಕ್ಕೆ?"

"ಏನೂ ಅನ್ಲಿಲ್ಲ. ಸೊಪ್ಪು ಸೋಸ್ತಾ ಇದ್ಲು."

ಫರ್ವರ್ದೀನ್ 13, ಬೆಳಿಗ್ಗೆ ಒಂಬತ್ತು

ಹದಿಮೂರನೇ ದಿನ ಯಾರೂ ಮನೆಯೊಳಗೆ ಇರಬಾರದು. ಊರೆಲ್ಲ ಹುಲ್ಲಿನ ಮೇಲೆ. ಕಾಂಬೀಜ್ ತಾಯಿಯನ್ನು ಕರೆದುಕೊಂಡು ರೇ ಕಡೆಯ ಪಾರ್ಕಿಗೆ ಹೋಗುತ್ತಾನೆ. ಮಾಹ್‌ರೋಖ್ ಆಗಲೇ ಜಾಗ ಹಿಡಿದಿದ್ದಾಳಂತೆ.

"ನೀನೂ ಬರ್ತೀಯ ಅಂತ ಅಮ್ಮಂಗೆ ಹೇಳಿದೀನಿ" ಎಂದ, ಶೂ ಕಟ್ಟುತ್ತ.

"ಅವರೇನಂದ್ರು?"

"ಬೇಡ ಅನ್ಲಿಲ್ಲ." ಗಂಟು ಬಿಚ್ಚಿ ಮತ್ತೆ ಹಾಕಿದ. "ಬರ್ಲಿ ಅಂತಾನೂ ಅನ್ಲಿಲ್ಲ."

ಅವನು ಕೆಳಗೆ ಹೋಗಿದ್ದಾನೆ. ಎರಡು ನಿಮಿಷ ಕೊಡು ಎಂದಿದ್ದೇನೆ. ಫ್ಲಾಸ್ಕ್ ತುಂಬಿಸಿದೆ. ಗಟ್ಟಿ ಚಹಾ, ಅವರಿಗೆ ಬೇಕಾದ ಹಾಗೆ. ಮಂಡಿ ಮಡಚಲಾಗುವುದಿಲ್ಲ, ಮಡಿಸುವ ಕುರ್ಚಿ ಒಯ್ಯಬೇಕು. ನನ್ನನ್ನು ಕಂಡು ಮುಖ ತಿರುಗಿಸಬಹುದು. ಎಲ್ಲರೆದುರು ಎದ್ದು ಹೋಗಬಹುದು. ನಾನು ಕೊಟ್ಟ ಲೋಟ ಮುಟ್ಟದೇ ಇರಬಹುದು. ಇರಲಿ. ಬೈದರೆ ಬೈಸಿಕೊಳ್ಳುತ್ತೇನೆ, ಹುಲ್ಲಿನ ತುದಿಯಲ್ಲಾದರೂ ಕೂರುತ್ತೇನೆ, ಇವತ್ತು ಎದ್ದು ಬರುವುದಿಲ್ಲ. ರಾದೀನ್ ಕೆಳಗಿನಿಂದ ಕೂಗುತ್ತಿದ್ದಾನೆ, ಮೆಟ್ರೋ ತಪ್ಪುತ್ತೆ ಅಮ್ಮಾ ಎಂದು. ಕುರ್ಚಿ ಬಾಲ್ಕನಿಯಲ್ಲಿದೆ, ತೆಗೆದುಕೊಂಡು ಹೊರಟೆ.